ಮೇಷ್ಟರಿಗೂ ಒಂದು ಶಾಲೆ: ಅಂಚೆಯಿಂದ ಅಂತರ್ಜಾಲದವರೆಗೆ

ವಿದ್ಯಾರ್ಥಿ ಮಿತ್ರರೇ, ನಿಮಗೆ ಪಾಠ ಹೇಳುವ ಮೇಷ್ಟರು ತಮ್ಮ ಪಾಠವನ್ನು ಎಲ್ಲಿ ಕಲಿತರು ಎಂದು ಎಂದಾದರೂ ಯೋಚಿಸಿದ್ದೀರಾ? ಕಾಲೇಜಿನಲ್ಲಿ, ಬಿ.ಎಡ್. ತರಗತಿಯಲ್ಲಿ ಎಂದು ನೀವು ಥಟ್ಟನೆ ಹೇಳಬಹುದು. ಅದು ಅರ್ಧ ಉತ್ತರ ಮಾತ್ರ. ಇಪ್ಪತ್ತಮೂರನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದ ಒಬ್ಬ ಶಿಕ್ಷಕಿ ಅರುವತ್ತರವರೆಗೆ ಪಾಠ ಹೇಳುತ್ತಾರೆ. ಆ ಮೂವತ್ತೇಳು ವರ್ಷಗಳಲ್ಲಿ ಪಠ್ಯಪುಸ್ತಕಗಳು ಹಲವು ಬಾರಿ ಬದಲಾಗುತ್ತವೆ. ಒಂಬತ್ತು ಗ್ರಹಗಳೆಂದು ಕಲಿತು ಬಂದವರು 2006ರ ನಂತರ ಎಂಟೇ ಗ್ರಹಗಳೆಂದು ಹೇಳಬೇಕಾಗುತ್ತದೆ. ಪ್ಲೂಟೊ ಏಕೆ ಪಟ್ಟಿಯಿಂದ ಹೊರಬಿತ್ತು ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದರೆ ಅದಕ್ಕೂ ಉತ್ತರ ಬೇಕು. ಹಾಗಾದರೆ ಮೇಷ್ಟರು ಮತ್ತೆ ಕಲಿಯುವುದು ಯಾವಾಗ, ಎಲ್ಲಿ?

ಅವರನ್ನು ತರಬೇತಿಗೆಂದು ಪಟ್ಟಣಕ್ಕೆ ಕರೆಸಿಕೊಳ್ಳಬಹುದು. ಆದರೆ ಆ ದಿನಗಳಲ್ಲಿ ಅವರ ತರಗತಿ ಖಾಲಿ. ಊರಿಗೆ ಒಬ್ಬರೇ ಮೇಷ್ಟರಿದ್ದರೆ ಶಾಲೆಗೇ ಬೀಗ. ಮೇಷ್ಟರು ಕಲಿಯಬೇಕು, ಮಕ್ಕಳ ಪಾಠವೂ ನಿಲ್ಲಬಾರದು. ಈ ಎರಡನ್ನೂ ಹೊಂದಿಸುವ ದಾರಿ ಒಂದೇ: ಮೇಷ್ಟರನ್ನು ಪಾಠದ ಬಳಿಗೆ ಕರೆಯುವ ಬದಲು ಪಾಠವನ್ನೇ ಮೇಷ್ಟರ ಬಳಿಗೆ ಕಳಿಸುವುದು. ಇಂದು ಅಂಗೈಯ ಮೊಬೈಲಿನಲ್ಲಿ ನಡೆಯುತ್ತಿರುವುದು ಇದೇ. ಆದರೆ ಈ ಯೋಚನೆ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ಅದಕ್ಕೆ ಅರುವತ್ತು ವರ್ಷಗಳ ಚರಿತ್ರೆಯಿದೆ, ಆ ಚರಿತ್ರೆಯಲ್ಲಿ ನಮ್ಮ ಕರ್ನಾಟಕಕ್ಕೆ ಒಂದು ಮುಖ್ಯ ಸ್ಥಾನವಿದೆ.

ಅಂಚೆಯ ಅಣ್ಣ ತಂದ ಪಾಠ

ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯವೊಂದು ಅಂಚೆಯ ಮೂಲಕ ಪಾಠ ಕಳಿಸಲು ಆರಂಭಿಸಿದ್ದು 1962ರಲ್ಲಿ, ದೆಹಲಿಯಲ್ಲಿ. ನಾವು ಇದನ್ನು ಅಂಚೆ ತೆರಪಿನ ಶಿಕ್ಷಣ ಎಂದು ಕರೆದೆವು. ಎರಡು ವರ್ಷಗಳ ನಂತರ, 1964ರಲ್ಲಿ, ಡಿ. ಎಸ್. ಕೊಠಾರಿ ಅವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಆಯೋಗ ನೇಮಕವಾಯಿತು. 1966ರಲ್ಲಿ ಅದು ನೀಡಿದ ವರದಿಯಲ್ಲಿ ಒಂದು ಮಾತಿದೆ: ಪ್ರತಿಯೊಬ್ಬ ಶಿಕ್ಷಕರೂ ಐದು ವರ್ಷಗಳ ಸೇವೆಯಲ್ಲಿ ಎರಡು ಮೂರು ತಿಂಗಳಾದರೂ ಮತ್ತೆ ಕಲಿಯಬೇಕು. ಲೆಕ್ಕ ಹಾಕಿ ನೋಡಿ. ಮೂವತ್ತು ವರ್ಷ ಸೇವೆ ಮಾಡಿದವರು ಒಂದು ವರ್ಷಕ್ಕೂ ಹೆಚ್ಚು ಕಾಲ ವಿದ್ಯಾರ್ಥಿಗಳಾಗಿರಬೇಕು ಎಂದಾಯಿತು. ಲಕ್ಷಾಂತರ ಶಿಕ್ಷಕರಿಗೆ ಇಷ್ಟು ಬಿಡುವನ್ನು ಯಾವ ಸರಕಾರ ತಾನೆ ಕೊಟ್ಟೀತು?

ಅದೇ 1966ರಲ್ಲಿ ಒಂದು ಜಾಣ ಉಪಾಯ ಕಾರ್ಯರೂಪಕ್ಕೆ ಬಂತು. ಮೈಸೂರು, ಭೋಪಾಲ, ಅಜ್ಮೀರ ಮತ್ತು ಭುವನೇಶ್ವರಗಳ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಬೇಸಿಗೆ ಶಾಲೆ ಮತ್ತು ಅಂಚೆ ಪಾಠ ಎರಡನ್ನೂ ಸೇರಿಸಿದ ಬಿ.ಎಡ್. ಆರಂಭಿಸಿದವು. ತರಬೇತಿಯಿಲ್ಲದೆ ಕೆಲಸದಲ್ಲಿದ್ದ ಶಿಕ್ಷಕರು ಒಂದು ಬೇಸಿಗೆ ರಜೆಯಲ್ಲಿ ಕಾಲೇಜಿಗೆ ಬರುತ್ತಿದ್ದರು. ಶಾಲೆ ತೆರೆದ ಮೇಲೆ ಊರಿಗೆ ಮರಳಿ, ವರ್ಷವಿಡೀ ಅಂಚೆಯಲ್ಲಿ ಬಂದ ಪಾಠ ಓದಿ, ಉತ್ತರ ಬರೆದು ಕಳಿಸುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಮತ್ತೆ ಕಾಲೇಜು. ಹೀಗೆ ಮಕ್ಕಳ ಪಾಠ ಒಂದು ದಿನವೂ ತಪ್ಪುತ್ತಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯವೂ 1969ರಲ್ಲಿ ತನ್ನದೇ ಅಂಚೆ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ಕಡಲಾಚೆಯ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಮೊದಲ ತಂಡಕ್ಕೆ ಪಾಠ ಆರಂಭಿಸಿತು. ಮುದ್ರಿತ ಪಾಠಗಳ ಜೊತೆಗೆ ಬಿ.ಬಿ.ಸಿ.ಯ ರೇಡಿಯೊ ಮತ್ತು ಟೆಲಿವಿಷನ್ ಪ್ರಸಾರಗಳೂ ಇದ್ದವು. ಮನೆಯಲ್ಲಿ ಕುಳಿತು ಪದವಿ ಪಡೆಯಲು ಬಂದ ಆ ಮೊದಲ ತಂಡದಲ್ಲಿ ಯಾವ ವೃತ್ತಿಯವರು ಎಲ್ಲರಿಗಿಂತ ಹೆಚ್ಚಾಗಿದ್ದರು ಗೊತ್ತೆ? ಶಾಲಾ ಶಿಕ್ಷಕರು! ಕಲಿಸುವವರಿಗೇ ಕಲಿಯುವ ಹಸಿವು ಹೆಚ್ಚು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಅಂಚೆ ಪಾಠ ನಿಧಾನದ್ದು. ಉತ್ತರ ಬರೆದು ಕಳಿಸಿದರೆ ತಿದ್ದಿದ ಹಾಳೆ ಮರಳಲು ವಾರಗಳೇ ಬೇಕು. ಆದರೆ ಅದರಲ್ಲಿ ಒಂದು ಗುಣವಿತ್ತು. ಮರಳಿ ಬಂದ ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯ ಟಿಪ್ಪಣಿ ಇರುತ್ತಿತ್ತು. ಅದು ಆ ಒಬ್ಬ ಶಿಕ್ಷಕರಿಗಾಗಿಯೇ ಬರೆದದ್ದು. ಈ ಕೆಂಪು ಶಾಯಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ಯಂತ್ರಗಳನ್ನೆಲ್ಲ ನಾವು ಅಳೆಯುವುದು ಇದರಿಂದಲೇ.

ಆಕಾಶದಿಂದ ಇಳಿದ ಪಾಠ

ಈಗ 1975ಕ್ಕೆ ಬನ್ನಿ. ಭಾರತದಲ್ಲಿ ದೂರದರ್ಶನ ಇನ್ನೂ ಕೆಲವೇ ದೊಡ್ಡ ನಗರಗಳ ವಸ್ತು. ಆ ವರ್ಷದ ಆಗಸ್ಟ್ 1ರಂದು ಜಗತ್ತೇ ಕಣ್ಣರಳಿಸಿ ನೋಡಿದ ಪ್ರಯೋಗವೊಂದು ಆರಂಭವಾಯಿತು. ಹೆಸರು ಸೈಟ್, ಅಂದರೆ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. ವಿಕ್ರಮ್ ಸಾರಾಭಾಯಿ ಕಂಡ ಕನಸು ಅದು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಂದಿಗೆ ಒಪ್ಪಂದವಾಗಿತ್ತು. ಕನಸು ನನಸಾಗುವುದನ್ನು ನೋಡಲು ಸಾರಾಭಾಯಿ ಉಳಿಯಲಿಲ್ಲ, 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ ಪ್ರೊ. ಯಶಪಾಲ್ ಮತ್ತು ಅವರ ತಂಡ ಕೆಲಸವನ್ನು ಮುನ್ನಡೆಸಿತು.

ನಾಸಾದ ಎ.ಟಿ.ಎಸ್.-6 ಉಪಗ್ರಹವನ್ನು ಆಫ್ರಿಕಾದ ಪೂರ್ವಭಾಗದ ಮೇಲೆ, ಭಾರತಕ್ಕೂ ಕಾಣುವ ಸ್ಥಾನಕ್ಕೆ ತಂದು ನಿಲ್ಲಿಸಲಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಯಿತು. ಕರ್ನಾಟಕದಿಂದ ಆಯ್ಕೆಯಾದದ್ದು ಅಂದಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳು. ಹಳ್ಳಿಯ ಶಾಲೆಯ ಮೇಲೆಯೋ ಪಂಚಾಯಿತಿ ಕಟ್ಟಡದ ಮೇಲೆಯೋ ಮೂರು ಮೀಟರ್ ಅಗಲದ ತಂತಿಬಲೆಯ ಆಂಟೆನಾ. ಕೋಳಿಗೂಡಿಗೆ ಹೊದಿಸುತ್ತಾರಲ್ಲ, ಅಂಥದೇ ಬಲೆ! ಹತ್ತಿರದಲ್ಲೆಲ್ಲೂ ಪ್ರಸಾರ ಗೋಪುರವಿಲ್ಲದೆ, ಉಪಗ್ರಹದಿಂದಲೇ ನೇರವಾಗಿ ಚಿತ್ರ ಹಳ್ಳಿಗೆ ಇಳಿಯಿತು. ಹಿಂದಿ, ಕನ್ನಡ, ತೆಲುಗು ಮತ್ತು ಒಡಿಯಾ ಭಾಷೆಗಳಲ್ಲಿ ಬೆಳಿಗ್ಗೆ ಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮ.

ಸೈಟ್ ಎಂದರೆ ಎಲ್ಲರೂ ನೆನೆಯುವುದು ರೈತರನ್ನು, ಮಕ್ಕಳನ್ನು. ಮೇಷ್ಟರನ್ನು ನೆನೆಯುವವರು ಕಡಿಮೆ. 1975ರ ಅಕ್ಟೋಬರಿನಲ್ಲಿ ಮತ್ತು ಮರುವರ್ಷದ ಬೇಸಿಗೆಯಲ್ಲಿ, ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು, ಎಂದರೆ ಎನ್.ಸಿ.ಇ.ಆರ್.ಟಿ., ಇದೇ ಉಪಗ್ರಹವನ್ನು ಬಳಸಿ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನಡೆಸಿತು. ಪ್ರತಿ ಸಲವೂ ಹನ್ನೆರಡು ದಿನ, ಪ್ರತಿ ಸಲವೂ ಸುಮಾರು 24,000 ಶಿಕ್ಷಕರು. ಒಟ್ಟು ಸುಮಾರು 48,000 ಮಂದಿ, ತಮ್ಮ ಊರಿನ ಆಸುಪಾಸಿನಲ್ಲೇ!

ಇದರಲ್ಲಿ ಗಮನಿಸಬೇಕಾದ ವಿಷಯ ಸಂಖ್ಯೆಯಲ್ಲ, ವಿಧಾನ. ಟಿ.ವಿ.ಯನ್ನು ಹಾಕಿ ನೋಡಿ ಹೋಗಿ ಎಂದು ಯಾರೂ ಹೇಳಲಿಲ್ಲ. ಟೆಲಿವಿಷನ್ ಪಾಠದ ಜೊತೆಗೆ ರೇಡಿಯೊ ಪಾಠವಿತ್ತು, ಅಚ್ಚಾದ ಕೈಪಿಡಿಯಿತ್ತು, ಕೈಯಾರೆ ಮಾಡಿ ನೋಡುವ ಪ್ರಯೋಗಗಳಿದ್ದವು. ಪ್ರತಿ ಕೇಂದ್ರದಲ್ಲೂ ಮೊದಲೇ ತಯಾರಾದ ಒಬ್ಬ ಶಿಕ್ಷಕರು ಮಾರ್ಗದರ್ಶಿಯಾಗಿದ್ದರು. ತೆರೆಯ ಮೇಲೆ ಪ್ರಯೋಗ ಕಂಡದ್ದೇ ತಡ, ಅದನ್ನು ಮೇಜಿನ ಮೇಲೆ ಮಾಡಿ, ತಪ್ಪಾದರೆ ಪಕ್ಕದವರನ್ನು ಕೇಳಿ, ಮತ್ತೆ ಮಾಡುವುದು. ವಿಜ್ಞಾನ ಓದಿದವನಾಗಿ ನನಗೆ ಇದೇ ಸರಿಯಾದ ಕ್ರಮವೆನಿಸುತ್ತದೆ. ಪ್ರಯೋಗವನ್ನು ನೋಡುವುದು ಬೇರೆ, ಮಾಡುವುದು ಬೇರೆ.

ಆದರೆ ಉಪಗ್ರಹ ನಮ್ಮದಲ್ಲ, ಎರವಲು ತಂದದ್ದು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು, ಎ.ಟಿ.ಎಸ್.-6 ಮರಳಿ ಹೊರಟಿತು. ಸೈಟ್‌ನ ಹಳ್ಳಿಗಳಿಗೆ ಕಾರ್ಯಕ್ರಮ ಮುಂದುವರಿಸಲೆಂದು 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ರಾಜಧಾನಿ ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲೇ ಬಿಸಿಲುನಾಡಿಗೆ ಟಿ.ವಿ. ಬಂತೆಂದರೆ ಇಂದಿನ ಹುಡುಗರು ನಂಬುವುದು ಕಷ್ಟ. ಆದರೆ ಇದು ಸತ್ಯ.

ಬಾಯಿಂದ ಬಾಯಿಗೆ

1983ರಲ್ಲಿ ಇನ್ಸಾಟ್-1ಬಿ ಕಕ್ಷೆ ಸೇರಿತು. ಈಗ ಉಪಗ್ರಹ ನಮ್ಮದೇ. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1986ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ಅದರ ಬೆನ್ನಿಗೇ ದೇಶದ ಶಾಲಾ ಶಿಕ್ಷಕರಿಗೆಲ್ಲ ಸಾಮೂಹಿಕ ತರಬೇತಿ ಕೊಡುವ ಬೃಹತ್ ಯೋಜನೆ ಶುರುವಾಯಿತು. 1986ರಿಂದ 1990ರವರೆಗೆ ಹದಿನೇಳು ಲಕ್ಷಕ್ಕೂ ಹೆಚ್ಚು ಶಿಕ್ಷಕರು ಇದರಲ್ಲಿ ಪಾಲ್ಗೊಂಡರು.

ಇಷ್ಟು ಜನಕ್ಕೆ ಕಲಿಸುವವರು ಯಾರು? ಮೇಲಿನವರು ಕೆಲವರಿಗೆ ಕಲಿಸುವುದು, ಅವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಈ ಕ್ರಮದಲ್ಲಿ ಒಂದು ಅಪಾಯವಿದೆ. ಬಾಯಿಂದ ಬಾಯಿಗೆ ಹೋದ ಮಾತು ಹೇಗೆ ಬದಲಾಗುತ್ತದೆ ಎಂಬುದನ್ನು ನೀವು ಆಟವಾಡಿ ನೋಡಿರಬಹುದು. ಮೊದಲ ಮೆಟ್ಟಿಲಿನಲ್ಲಿ ಗಟ್ಟಿ ಹಾಲಾಗಿದ್ದದ್ದು ಕೊನೆಯ ಮೆಟ್ಟಿಲಿಗೆ ನೀರಾದ ಮಜ್ಜಿಗೆ. ವಿಷಯವನ್ನು ಚೆನ್ನಾಗಿ ಬಲ್ಲವರ ಮಾತು ಕೊನೆಯ ಊರಿನ ಶಿಕ್ಷಕಿಗೆ ನೇರವಾಗಿ ತಲುಪಬೇಕಾದರೆ ನಡುವಿನ ಮೆಟ್ಟಿಲುಗಳನ್ನು ದಾಟಬೇಕು. ಇದಕ್ಕೆ ಮತ್ತೆ ಆಕಾಶದ ಕಡೆಗೇ ನೋಡಬೇಕಾಯಿತು.

ಏಳು ದಿನ, ಇಪ್ಪತ್ತು ಕೇಂದ್ರ

1996ರ ಜನವರಿ. ಆ ತಿಂಗಳ 7ರಿಂದ 13ರವರೆಗೆ ಕರ್ನಾಟಕದ 20 ಕೇಂದ್ರಗಳಲ್ಲಿ ಸುಮಾರು 850 ಪ್ರಾಥಮಿಕ ಶಾಲಾ ಶಿಕ್ಷಕರು ಟಿ.ವಿ.ಯ ಮುಂದೆ ಕುಳಿತರು. ದೆಹಲಿಯಲ್ಲಿದ್ದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಸ್ಟುಡಿಯೊದಿಂದ ತಜ್ಞರು ನೇರಪ್ರಸಾರದಲ್ಲಿ ಮಾತಾಡಿದರು. ಎನ್.ಸಿ.ಇ.ಆರ್.ಟಿ. ಮತ್ತು ಮುಕ್ತ ವಿಶ್ವವಿದ್ಯಾನಿಲಯಗಳು ಕೈಜೋಡಿಸಿ ನಡೆಸಿದ ಈ ಪ್ರಯೋಗದಲ್ಲಿ, ಸೈಟ್‌ನಲ್ಲಿ ಇಲ್ಲದಿದ್ದ ಒಂದು ಸಂಗತಿ ಇತ್ತು. ಕೇಂದ್ರದಲ್ಲಿ ಕುಳಿತ ಶಿಕ್ಷಕರು ದೂರವಾಣಿ ಎತ್ತಿ ತಜ್ಞರನ್ನು ಆಗಿಂದಾಗಲೇ ಪ್ರಶ್ನೆ ಕೇಳಬಹುದಾಗಿತ್ತು. ಚಿತ್ರ ಒಂದೇ ದಿಕ್ಕಿಗೆ, ಮಾತು ಎರಡೂ ದಿಕ್ಕಿಗೆ. ಅದೇ ವರ್ಷದ ಆಗಸ್ಟಿನಲ್ಲಿ ಮಧ್ಯಪ್ರದೇಶದಲ್ಲೂ ಇಂಥದೇ ತರಬೇತಿ ನಡೆಯಿತು, ಇನ್ನೂ ಹೆಚ್ಚು ಕೇಂದ್ರಗಳಲ್ಲಿ.

ಒಂದು ಸಣ್ಣ ಲೆಕ್ಕ ಮಾಡೋಣ. ಭೂಸ್ಥಿರ ಉಪಗ್ರಹ ಸಮಭಾಜಕ ವೃತ್ತದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಸ್ಟುಡಿಯೊದಿಂದ ಹೊರಟ ಸಂಕೇತ ಮೇಲೇರಿ ಕೆಳಗಿಳಿಯಲು ಸುಮಾರು 72,000 ಕಿಲೋಮೀಟರ್ ಕ್ರಮಿಸಬೇಕು. ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. ಭಾಗಿಸಿದರೆ ಸುಮಾರು ಕಾಲು ಸೆಕೆಂಡ್. ಅಂಚೆಯ ಕಾಲದಲ್ಲಿ ವಾರಗಟ್ಟಲೆ ಕಾಯಬೇಕಾಗಿದ್ದ ಕೆಂಪು ಶಾಯಿಯ ಉತ್ತರ ಈಗ ಕಾಲು ಸೆಕೆಂಡಿನಲ್ಲಿ ಕೇಂದ್ರವನ್ನು ತಲುಪಿತು!

ನೇರಪ್ರಸಾರದ ಕೆಲಸ ಮಾಡುವ ನಮಗೆ ಒಂದು ಅನುಭವವಿದೆ. ಸ್ಟುಡಿಯೊದಲ್ಲಿ ತಜ್ಞರು ಸರಾಗವಾಗಿ ಮಾತಾಡುತ್ತಿರುತ್ತಾರೆ. ದೂರದ ಊರಿನಿಂದ ಒಂದು ಪ್ರಶ್ನೆ ಬರುತ್ತದೆ: "ಸಾರ್, ನೀವು ಹೇಳಿದ್ದು ಸರಿ. ಆದರೆ ನನ್ನ ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ಕೂರುತ್ತವೆ. ನಾನು ಏನು ಮಾಡಲಿ?" ತಜ್ಞರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಮೌನವೇ ಕಾರ್ಯಕ್ರಮದ ಅತ್ಯುತ್ತಮ ಭಾಗ. ಆನಂತರ ಬರುವ ಉತ್ತರ ಪುಸ್ತಕದಲ್ಲಿ ಇರುವುದಲ್ಲ. ಪ್ರಶ್ನೆ ಮೇಲೆ ಹೋಗದಿದ್ದರೆ ಅಂಥ ಉತ್ತರ ಕೆಳಗೆ ಬರುತ್ತಲೇ ಇರಲಿಲ್ಲ.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿತು. ಸುಮಾರು 1,950 ಕಿಲೋಗ್ರಾಂ ತೂಕದ ಈ ಉಪಗ್ರಹವನ್ನು ಶಿಕ್ಷಣಕ್ಕೆಂದೇ ನಿರ್ಮಿಸಲಾಗಿತ್ತು. ಮೊದಲ ಹಂತದಲ್ಲಿ ಅದನ್ನು ಬಳಸಿದವುಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಒಂದು. ಮುಂದೆ ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಇದರ ಜಾಲ ಹರಡಿತು. ಕಾಡಂಚಿನ ಶಾಲೆಯ ಮೇಲೂ ಬಟ್ಟಲಿನಾಕಾರದ ಆಂಟೆನಾ. ಎಜುಸ್ಯಾಟ್ 2010ರಲ್ಲಿ ಕೆಲಸ ನಿಲ್ಲಿಸಿತು. ಉಪಗ್ರಹಕ್ಕೂ ಆಯುಷ್ಯವುಂಟು.

ಕೇಂದ್ರದಿಂದ ಮನೆಗೆ

ಇಲ್ಲಿಯವರೆಗೆ ಹೇಳಿದ ಉಪಗ್ರಹ ಪ್ರಯೋಗಗಳಲ್ಲೆಲ್ಲ ಶಿಕ್ಷಕರು ಮನೆಯಿಂದ ಒಂದು ಕೇಂದ್ರಕ್ಕೆ ಹೋಗಬೇಕಾಗಿತ್ತು. ಪಾಠ ಮತ್ತೆ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದು ಅಂತರ್ಜಾಲದಿಂದ.

2017 ಈ ಚರಿತ್ರೆಯಲ್ಲಿ ಮುಖ್ಯವಾದ ವರ್ಷ. ಆ ವರ್ಷ ಸ್ವಯಂ ಎಂಬ ಅಂತರ್ಜಾಲ ಪಾಠಗಳ ವೇದಿಕೆ, ಸ್ವಯಂಪ್ರಭಾ ಎಂಬ ಶೈಕ್ಷಣಿಕ ಟಿ.ವಿ. ವಾಹಿನಿಗಳ ಗುಚ್ಛ, ಶಿಕ್ಷಕರ ದಿನಾಚರಣೆಯಂದು ದೀಕ್ಷಾ ಎಂಬ ವೇದಿಕೆ ಇವೆಲ್ಲ ಆರಂಭವಾದವು. ಅದೇ ವರ್ಷ ಶಿಕ್ಷಣ ಹಕ್ಕು ಕಾಯಿದೆಗೆ ತಿದ್ದುಪಡಿಯಾಗಿ, ತರಬೇತಿ ಇಲ್ಲದೆ ಪಾಠ ಹೇಳುತ್ತಿದ್ದ ಪ್ರಾಥಮಿಕ ಶಿಕ್ಷಕರು 2019ರ ಮಾರ್ಚ್ 31ರೊಳಗೆ ಅರ್ಹತೆ ಪಡೆಯಲೇಬೇಕು ಎಂದಾಯಿತು. ದೇಶದಾದ್ಯಂತ 13 ಲಕ್ಷಕ್ಕೂ ಹೆಚ್ಚು ಶಿಕ್ಷಕರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಡಿಪ್ಲೊಮಾಕ್ಕೆ ಹೆಸರು ನೋಂದಾಯಿಸಿದರು. ಹಗಲು ಪಾಠ ಹೇಳುವುದು, ರಾತ್ರಿ ಪಾಠ ಕೇಳುವುದು. ಇವರಲ್ಲಿ ಎಷ್ಟೋ ಮಂದಿ ಖಾಸಗಿ ಶಾಲೆಗಳಲ್ಲಿ ಅಲ್ಪ ಸಂಬಳಕ್ಕೆ ದುಡಿಯುವವರು. ಪರೀಕ್ಷೆ ತಪ್ಪಿದರೆ ಕೆಲಸಕ್ಕೇ ಸಂಚಕಾರ. ಮನೆಯಿಂದ ಕಲಿಯುವುದು ಇವರಿಗೆ ಹವ್ಯಾಸವಾಗಿರಲಿಲ್ಲ, ಅನ್ನದ ಪ್ರಶ್ನೆಯಾಗಿತ್ತು.

2019ರ ಆಗಸ್ಟಿನಲ್ಲಿ ನಿಷ್ಠಾ ಎಂಬ ಹೆಸರಿನಲ್ಲಿ ಸುಮಾರು 42 ಲಕ್ಷ ಪ್ರಾಥಮಿಕ ಹಂತದ ಶಿಕ್ಷಕರಿಗೆ ಮುಖಾಮುಖಿ ತರಬೇತಿ ಕೊಡುವ ಯೋಜನೆ ಆರಂಭವಾಯಿತು. ಅದು ನಡೆಯುತ್ತಿರುವಾಗಲೇ 2020ರ ಮಾರ್ಚಿನಲ್ಲಿ ಕೋವಿಡ್ ಬಂತು, ಶಾಲೆಗಳು ಮುಚ್ಚಿದವು. ನಮ್ಮಲ್ಲಿ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಮಕ್ಕಳಿಗಾಗಿ ಪ್ರಸಾರವಾದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಶಿಕ್ಷಕರ ತರಬೇತಿಯೂ ಅಕ್ಟೋಬರಿನಲ್ಲಿ ದೀಕ್ಷಾ ವೇದಿಕೆಯ ಮೇಲೆ ಬಂತು: 18 ಪಾಠಗಳು, ಒಂದೊಂದಕ್ಕೂ ಮೂರು ನಾಲ್ಕು ಗಂಟೆ. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ಕಲಿಯಬೇಕೆಂದು ಹೇಳಿತು. ಕೊಠಾರಿ ಆಯೋಗದ ಮಾತಿಗೆ ಐವತ್ತನಾಲ್ಕು ವರ್ಷಗಳ ನಂತರ ಹುಟ್ಟಿದ ತಮ್ಮ ಇದು.

ಗಳಿಸಿದ್ದೇನು, ಕಳೆದದ್ದೇನು?

ಮನೆಗೇ ಪಾಠ ಬಂದದ್ದರಿಂದ ಲಾಭ ದೊಡ್ಡದು. ಮನೆಯಲ್ಲಿ ಎಳೆಗೂಸಿರುವ ಶಿಕ್ಷಕಿ ಹತ್ತು ದಿನ ಪಟ್ಟಣದಲ್ಲಿ ಉಳಿಯಬೇಕಾಗಿಲ್ಲ. ಅರ್ಥವಾಗದ ಭಾಗವನ್ನು ಮೂರು ಸಲ ಕೇಳಬಹುದು. ಮೂರನೆಯ ಸಲ ಕೇಳಿದ್ದಕ್ಕೆ ಯಾರೂ ನಗುವುದಿಲ್ಲ. ನಡುವಿನ ಮೆಟ್ಟಿಲುಗಳಿಲ್ಲ, ಗಟ್ಟಿ ಹಾಲು ಗಟ್ಟಿಯಾಗಿಯೇ ಬರುತ್ತದೆ.

ನಷ್ಟವನ್ನೂ ಹೇಳಬೇಕು. ಸಿಗ್ನಲ್ ಸಿಗದ ಊರಿನಲ್ಲಿ ಮೇಷ್ಟರು ಗುಡ್ಡ ಹತ್ತಬೇಕು. ಮನೆಯಲ್ಲಿ ಒಂದೇ ಫೋನಿದ್ದರೆ ಮಗನ ಪಾಠ ಮೊದಲೋ ಅಮ್ಮನ ಪಾಠ ಮೊದಲೋ? ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಕಲಿಯುವ ಒಂದು ಗಂಟೆಯನ್ನು ಯಾರೂ ಕೆಲಸದ ಗಂಟೆಯೆಂದು ಎಣಿಸುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದು: ವಿಡಿಯೊ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಕೊನೆಯಲ್ಲಿ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಪ್ರಮಾಣಪತ್ರ ಕೈಸೇರುತ್ತದೆ. ಎಷ್ಟು ಪ್ರಮಾಣಪತ್ರ ಕೊಟ್ಟೆವು ಎಂದು ಕಚೇರಿ ಎಣಿಸಬಹುದು. ಎಷ್ಟು ತರಗತಿಗಳಲ್ಲಿ ಪಾಠ ಬದಲಾಯಿತು ಎಂದು ಎಣಿಸುವುದು ಸುಲಭವಲ್ಲ.

ಈಗ ಕೆಂಪು ಶಾಯಿಯ ಅಳತೆಗೋಲನ್ನು ಹಿಡಿಯೋಣ. ಅಂಚೆಯಲ್ಲಿ ಉತ್ತರ ನಿಧಾನವಾಗಿ ಬಂದರೂ ಬರುತ್ತಿತ್ತು. ಸೈಟ್‌ನಲ್ಲಿ ಉಪಗ್ರಹ ಉತ್ತರಿಸದಿದ್ದರೂ ಪಕ್ಕದಲ್ಲಿ ಮಾರ್ಗದರ್ಶಿಯಿದ್ದರು. 1996ರಲ್ಲಿ ದೂರವಾಣಿ ಇತ್ತು. ಅಂತರ್ಜಾಲಕ್ಕೆ ಈ ಮೂರಕ್ಕಿಂತ ಹೆಚ್ಚಿನ ಶಕ್ತಿಯಿದೆ. ಅದು ಹುಟ್ಟಿನಿಂದಲೇ ಎರಡು ದಿಕ್ಕಿನ ಹಾದಿ. ಆದರೂ ನಾವು ಅದನ್ನು ಬಹುಪಾಲು ಒಂದೇ ದಿಕ್ಕಿಗೆ, ಮೇಲಿನಿಂದ ಕೆಳಕ್ಕೆ ಬಳಸುತ್ತಿದ್ದೇವೆ. ಹೊಳೆಗೆ ಸೇತುವೆ ಕಟ್ಟಿ, ಆಚೆಯ ದಡದವರು ಈಚೆ ಬರಬಾರದು ಎಂದರೆ ಹೇಗೆ?

ದಾರಿ ಇಲ್ಲದಿಲ್ಲ. ಒಂದೇ ಪಾಠವನ್ನು ಮನೆಯಲ್ಲಿ ಕೇಳಿದ ಹತ್ತು ಶಿಕ್ಷಕರು ತಿಂಗಳಿಗೊಮ್ಮೆ ತಮ್ಮ ಕ್ಲಸ್ಟರ್ ಕೇಂದ್ರದಲ್ಲಿ ಕುಳಿತು, ಅದನ್ನು ತರಗತಿಯಲ್ಲಿ ಮಾಡಿದಾಗ ಏನಾಯಿತೆಂದು ಮಾತಾಡಬಹುದು. ಪಾಠ ತಯಾರಿಸಿದವರು ಅವರ ಪ್ರಶ್ನೆಗಳನ್ನು ಕೇಳಿಸಿಕೊಂಡು ಮುಂದಿನ ಪಾಠ ತಿದ್ದಬಹುದು. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ನಡೆಸುವ ಶಿಕ್ಷಕಿಗೆ ಗೊತ್ತಿರುವುದು ಸ್ಟುಡಿಯೊದವರಿಗೆ ಗೊತ್ತಿರುವುದಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ವಿದ್ಯಾರ್ಥಿ ಮಿತ್ರರೇ, ಈ ಚರಿತ್ರೆ ನಿಮಗೇಕೆ ಎಂದು ಕೇಳಬಹುದು. ನಿಮ್ಮಲ್ಲಿ ಕೆಲವರು ನಾಳೆ ಶಿಕ್ಷಕರಾಗುತ್ತೀರಿ, ಕೆಲವರು ಇಂಥ ಪಾಠಗಳನ್ನು ತಯಾರಿಸುವ ತಂತ್ರಜ್ಞರಾಗುತ್ತೀರಿ. ಆದರೆ ಇಂದೇ ನೀವು ಮಾಡಬಹುದಾದ ಕೆಲಸವೊಂದಿದೆ. ಮುಂದಿನ ಸಲ ನಿಮ್ಮ ಮೇಷ್ಟರು ಒಂದು ಪ್ರಶ್ನೆಗೆ "ನೋಡಿ ಹೇಳುತ್ತೇನೆ" ಎಂದರೆ ಮುಸಿಮುಸಿ ನಗಬೇಡಿ. ಅಂದು ರಾತ್ರಿ ಅವರ ಮನೆಯಲ್ಲಿ ಒಂದು ಶಾಲೆ ತೆರೆಯುತ್ತದೆ, ಅದರಲ್ಲಿ ಅವರೇ ವಿದ್ಯಾರ್ಥಿ. ಮರುದಿನ ಮರೆಯದೆ ಆ ಪ್ರಶ್ನೆಯನ್ನು ಮತ್ತೆ ಕೇಳಿ.